ಪಂಚಾಂಗದಲ್ಲಿ ಒಳ್ಳೆಯ ದಿನ ನೋಡುವುದು ಹೇಗೆ?



ನಮ್ಮ ಕಂದಿಕೆರೆಯಲ್ಲಿ ಮದುವೆ, ಗೃಹಪ್ರವೇಶ ಏನೇ ಇದ್ದರೂ ಮೊದಲು ಪಂಚಾಂಗ ನೋಡುತ್ತಾರೆ. ಪಂಚಾಂಗ ಎಂದರೆ ಐದು ಅಂಗಗಳು. ಅವು ತಿಥಿ, ವಾರ, ನಕ್ಷತ್ರ, ಯೋಗ ಮತ್ತು ಕರಣ. ಇದನ್ನು ಸರಿಯಾಗಿ ಓದದಿದ್ದರೆ ಏನಾಗುತ್ತೆ ಅನ್ನೋದು ನಮ್ಮ ಮನೆಯಲ್ಲೇ ಗೊತ್ತಾಯಿತು.

2023ರಲ್ಲಿ ನಮ್ಮ ಹೊಸ ಮನೆಯ ಕೆಲಸ ಮುಗಿದಾಗ ಆಷಾಢ. ಅಲ್ಲಿವರೆಗೂ ನಾವು ತೋಟದಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಇದ್ದೆವು. ಮಳೆ ಬಂದರೆ ಸೋರುತ್ತಿತ್ತು. ತಂಗಿಗೆ ಕೆಮ್ಮು ಬಿಟ್ಟಿರಲಿಲ್ಲ. "ಶ್ರಾವಣ ಯಾವತ್ತು ಹುಟ್ಟುತ್ತೆ ನೋಡೋ ಮಗ" ಎಂದು ಅಜ್ಜಿ ಕೇಳಿತು. ನಾನು ಗೋಡೆಯ ಕ್ಯಾಲೆಂಡರ್ ನೋಡಿ "ಜುಲೈ 18" ಅಂದೆ. ಅಪ್ಪ ಆ ತಿಂಗಳ ಕೊನೆಗೆ ಒಂದು ದಿನ ಗೊತ್ತು ಮಾಡಿ ಅಡುಗೆಯವರಿಗೂ ಶಾಮಿಯಾನದವರಿಗೂ ಮುಂಗಡ ಕೊಟ್ಟರು. ಆಮೇಲೆ ಜೋಯಿಸರು ಪಂಚಾಂಗ ತೆಗೆದು, "ಇದು ಅಧಿಕ ಶ್ರಾವಣ ಕಣಪ್ಪ, ಇದರಲ್ಲಿ ಗೃಹಪ್ರವೇಶ ಮಾಡಲ್ಲ" ಅಂದರು. ಕ್ಯಾಲೆಂಡರಿನಲ್ಲಿ "ಅಧಿಕ" ಎಂದು ಸಣ್ಣ ಅಕ್ಷರದಲ್ಲಿ ಇತ್ತು, ನಾನೇ ಓದಿರಲಿಲ್ಲ. ಮುಂಗಡ ಹೋಯಿತು. ಇನ್ನೂ ಒಂದು ತಿಂಗಳು ಅಟ್ಟದ ಕೆಳಗೇ ಇದ್ದೆವು. ಅಪ್ಪ ನನ್ನನ್ನು ಬೈಯಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು.

ಅಧಿಕ ಮಾಸ ಏಕೆ ಬರುತ್ತದೆ? ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ 12 ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕೆ 365 ದಿನ. ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಹೀಗೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೆ ಹೋಗಿಬಿಡುತ್ತದೆ! ಆದ್ದರಿಂದ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. ಯಾವ ಚಾಂದ್ರಮಾಸದಲ್ಲಿ ಸೂರ್ಯನು ರಾಶಿ ಬದಲಿಸುವುದಿಲ್ಲವೋ ಅದೇ ಅಧಿಕ ಮಾಸ.

ಇನ್ನು ತಿಥಿ. ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಹೀಗೆ ತಿಂಗಳಿಗೆ 30 ತಿಥಿ. ಕ್ಯಾಲೆಂಡರಿನಲ್ಲಿ ಬರೆಯುವುದು ಸೂರ್ಯೋದಯದ ತಿಥಿ. ಅದು ಮಧ್ಯಾಹ್ನಕ್ಕೇ ಮುಗಿಯಬಹುದು. ಪಂಚಾಂಗದಲ್ಲಿ "ದಶಮಿ 15 ಘಳಿಗೆ" ಎಂದಿದ್ದರೆ ಲೆಕ್ಕ ಹೀಗೆ: ಒಂದು ಘಳಿಗೆಗೆ 24 ನಿಮಿಷ. 15 × 24 = 360 ನಿಮಿಷ, ಅಂದರೆ 6 ಗಂಟೆ. ಸೂರ್ಯೋದಯ 6 ಗಂಟೆಗೆ ಆದರೆ ದಶಮಿ ಮಧ್ಯಾಹ್ನ 12ರವರೆಗೆ ಮಾತ್ರ.

ದಿನ ನೋಡುವಾಗ ಈ ಕ್ರಮ ನೆನಪಿಡಿ:

1. ಮೊದಲು ಮಾಸ. ಆಷಾಢವೇ, ಅಧಿಕವೇ ನೋಡಿ.
2. ತಿಥಿ. ಚೌತಿ, ನವಮಿ, ಚತುರ್ದಶಿ, ಅಮಾವಾಸ್ಯೆ ಸಾಮಾನ್ಯವಾಗಿ ಬಿಡುತ್ತಾರೆ.
3. ವಾರ. ಗೃಹಪ್ರವೇಶಕ್ಕೆ ಮಂಗಳವಾರ ಬಿಡುವವರು ಹೆಚ್ಚು.
4. ನಕ್ಷತ್ರ. ಮನೆಯವರ ನಕ್ಷತ್ರಕ್ಕೆ ಹೊಂದುತ್ತದೆಯೇ ಎಂದು ಜೋಯಿಸರನ್ನು ಕೇಳಿ.
5. ರಾಹುಕಾಲ. ಸೋಮವಾರ ಏಳೂವರೆಯಿಂದ ಒಂಬತ್ತು, ಗುರುವಾರ ಒಂದೂವರೆಯಿಂದ ಮೂರು.
6. ಇದೆಲ್ಲಾ ಆದ ಮೇಲೆ ಮುಂಗಡ ಕೊಡಿ!

ಒಳ್ಳೆಯ ದಿನ ಎಂಬುದು ಅವರವರ ನಂಬಿಕೆ. ಆದರೆ ಚಂದ್ರನ ಲೆಕ್ಕ ನಂಬಿಕೆಯಲ್ಲ, ಗಣಿತ. ಅದನ್ನು ನಾವೂ ಕಲಿಯಬಹುದು. ನಾವು ನಿಜ ಶ್ರಾವಣದಲ್ಲಿ ಹೊಸ ಮನೆಗೆ ಹೋದೆವು. ಈಗಲೂ ಅಜ್ಜಿ ನನ್ನನ್ನೇ ಕೇಳುತ್ತೆ. ನಾನು ಸಣ್ಣ ಅಕ್ಷರವನ್ನೂ ಬಿಡದೆ ಗಟ್ಟಿಯಾಗಿ ಓದುತ್ತೇನೆ.

ನಿಮಗೊಂದು ಲೆಕ್ಕ: ಅಧಿಕ ಶ್ರಾವಣ ಶುರುವಾದದ್ದು 2023ರ ಜುಲೈ 18. ಅದರ ನಂತರದ ಅಧಿಕ ಜ್ಯೇಷ್ಠ ಶುರುವಾಗುವ ದಿನ 2026ರ ಮೇ 17. ಮಧ್ಯೆ ಎಷ್ಟು ತಿಂಗಳು?