ಬೆಂಕಿಬೆಟ್ಟದ ಮೇಲೆ ಪೆಂಗ್ವಿನ್ ನೆಲೆ

ದೊಡ್ಡನೆಕ್ಕುಂದಿಯ ಕೆರೆಯ ಏರಿಯ ಮೇಲೆ ನಿಂತು ನೈರುತ್ಯಕ್ಕೆ ಮುಖಮಾಡಿ, ಭೂಗೋಲದ ಮೈಯನ್ನನುಸರಿಸಿ ಸುಮಾರು 12,000 ಕಿಲೋಮೀಟರು ಸಾಗಿದೆವೆನ್ನೋಣ. ಆಗ ನಾವು ಮುಟ್ಟುವುದು ದಕ್ಷಿಣ ಅಟ್ಲಾಂಟಿಕ್ ಸಾಗರದ ಝವಡೋವ್‌ಸ್ಕಿ ಎಂಬ ದ್ವೀಪವನ್ನು. ನಮ್ಮ ಕಾಲಡಿಯ ನೈಸ್ ಬಂಡೆ ಸುಮಾರು 300 ಕೋಟಿ ವರ್ಷಗಳ ಮುದುಕ. ಎಂದೋ ತಣ್ಣಗಾಗಿ ಮಲಗಿದೆ. ಆ ದ್ವೀಪವಾದರೋ ಇಂದಿಗೂ ಹೊಗೆಯುಗುಳುವ ಜ್ವಾಲಾಮುಖಿ. ಸಾಗರದಡಿಯ ಒಂದು ಶಿಲಾಫಲಕವು ಇನ್ನೊಂದರ ಕೆಳಗೆ ನುಸುಳುತ್ತಿರುವ ಎಡೆಯಲ್ಲಿ ಎದ್ದುನಿಂತ ದ್ವೀಪಮಾಲೆಯಲ್ಲಿ ಇದೂ ಒಂದು.

ದ್ವೀಪವು 56 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಉತ್ತರದಲ್ಲಿ ಮಾಸ್ಕೋ ನಗರವೂ ಸಮಭಾಜಕದಿಂದ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಇಲ್ಲಿ ಒಂದು ಮರವಿಲ್ಲ. ಅಂಟಾರ್ಕ್ಟಿಕವನ್ನು ಸುತ್ತುವ ತಣ್ಣೀರಿನ ಮಹಾಪ್ರವಾಹಕ್ಕೆ ಅಡ್ಡಬರುವ ಭೂಖಂಡ ಯಾವುದೂ ಇಲ್ಲವಾದುದರಿಂದ ಬೆಚ್ಚನೆಯ ನೀರು ಸುಲಭವಾಗಿ ಅತ್ತ ತಲುಪದು.

ರಷ್ಯದ ನಾವಿಕ ಬೆಲ್ಲಿಂಗ್ಸ್‌ಹೌಸೆನ್ 1819ರಲ್ಲಿ ಇದನ್ನು ಕಂಡು, ತನ್ನ ಹಡಗಿನ ಅಧಿಕಾರಿಯ ಹೆಸರನ್ನಿಟ್ಟನು. ಸುಮಾರು 550 ಮೀಟರು ಎತ್ತರದ ಶಿಖರಕ್ಕೆ ಹಿಂದೆ ‘ಉಸಿರುಕಟ್ಟು ಬೆಟ್ಟ’ ಎಂಬರ್ಥದ ಹೆಸರಿದ್ದಿತು. ಭೂಪಟದಲ್ಲಿ ಅಲ್ಲಿಯ ಭೂಶಿರಗಳ ಹೆಸರುಗಳನ್ನು ಓದಿದರೆ ನಾತ, ಘಾಟು, ಹೊಗೆ, ದುರ್ಗಂಧ ಎಂಬ ಅರ್ಥಗಳೇ ಬರುತ್ತವೆ. ಹೆಸರಿಟ್ಟವರ ಮೂಗನ್ನು ನಾವು ಶಂಕಿಸಬೇಕಾಗಿಲ್ಲ. ಗಂಧಕದ ಅನಿಲಗಳ ಜೊತೆಗೆ ಲಕ್ಷಾಂತರ ಹಕ್ಕಿಗಳ ಹಿಕ್ಕೆಯೂ ಅಲ್ಲಿ ಉಂಟು.

ಆ ಹಕ್ಕಿಗಳೇ ಚಿನ್‌ಸ್ಟ್ರ್ಯಾಪ್ ಪೆಂಗ್ವಿನ್‌ಗಳು. ಗಲ್ಲದಡಿ ಶಿರಸ್ತ್ರಾಣದ ಪಟ್ಟಿಯಂತೆ ಒಂದು ಕರಿಯ ಗೆರೆ. ಎತ್ತರ ಮುಕ್ಕಾಲು ಮೀಟರಿಗಿಂತ ಕಡಿಮೆ. 2010-11ರ ಬೇಸಗೆಯ ಸಮೀಕ್ಷೆಯಂತೆ ಐದಾರು ಕಿಲೋಮೀಟರು ಅಗಲದ ಈ ನೆಲದಲ್ಲಿ ಸುಮಾರು 6 ಲಕ್ಷ ಜೋಡಿಗಳು ಮರಿಮಾಡುತ್ತಿದ್ದವು.

ಸುರಕ್ಷಿತವಾದ ದ್ವೀಪಗಳನ್ನು ಬಿಟ್ಟು ಇವು ಬೆಂಕಿಬೆಟ್ಟವನ್ನೇಕೆ ಆರಿಸಿದುವು? ಈ ಪೆಂಗ್ವಿನ್ ಬೆಣಚುಕಲ್ಲುಗಳನ್ನು ಕೂಡಿಸಿ ಗೂಡು ಕಟ್ಟಿ ಎರಡು ಮೊಟ್ಟೆಯಿಡುತ್ತದೆ; ಅದಕ್ಕೆ ಹಿಮವಿಲ್ಲದ ಬರಿಯ ನೆಲ ಬೇಕು. ಆ ನೆಲವನ್ನು ಒದಗಿಸುವುದು ಜ್ವಾಲಾಮುಖಿಯ ಶಾಖ.

ಎಷ್ಟು ಶಾಖ ಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಒಂದು ಕಿಲೋಗ್ರಾಂ ಹಿಮವನ್ನು ಶೂನ್ಯ ಡಿಗ್ರಿಯಲ್ಲಿ ಕರಗಿಸಲು 3,34,000 ಜೂಲ್ ಶಾಖ ಬೇಕು; ಇದೇ ಗುಪ್ತೋಷ್ಣ. ಭೂಖಂಡಗಳ ಸಾಮಾನ್ಯ ನೆಲದಿಂದ ಚದರ ಮೀಟರಿಗೆ ಹೊರಬರುವ ಶಾಖ ಸರಾಸರಿ 0.065 ವ್ಯಾಟ್. ವರ್ಷವಿಡೀ ಸೇರಿದರೂ ಅದು 20 ಲಕ್ಷ ಜೂಲ್ ಆಗಿ, ಕೇವಲ 6 ಕಿಲೋಗ್ರಾಂ ಹಿಮವನ್ನು ಕರಗಿಸೀತು. ಚದರ ಮೀಟರಿನ ಮೇಲೆ ವರ್ಷಕ್ಕೆ 1,000 ಕಿಲೋಗ್ರಾಂ ಹಿಮ ಬೀಳುವುದೆಂದು ಹಿಡಿದರೆ 33.4 ಕೋಟಿ ಜೂಲ್, ಎಂದರೆ ಎಡೆಬಿಡದೆ ಸುಮಾರು 10.6 ವ್ಯಾಟ್ ಬೇಕಾಗುವುದು. ಇದು ಸಾಮಾನ್ಯ ನೆಲದ 160 ಪಟ್ಟು! ಆದರೆ ಇಷ್ಟನ್ನೂ ಬೆಟ್ಟವೊಂದೇ ಕೊಡಬೇಕಾಗಿಲ್ಲ. ಹೊಸ ಹಿಮವು ಬಿಸಿಲಿನ ಶೇಕಡ 80ಕ್ಕಿಂತ ಹೆಚ್ಚು ಭಾಗವನ್ನು ಹಿಂದಟ್ಟುತ್ತದೆ; ಕಪ್ಪು ಲಾವಾಶಿಲೆ ಬಹುಪಾಲನ್ನು ಹೀರುತ್ತದೆ. ನೆಲದ ಶಾಖದಿಂದ ಹಿಮದ ಹೊದಿಕೆ ಒಂದೆಡೆ ಹರಿದರೆ ಸಾಕು, ಉಳಿದ ಕೆಲಸಕ್ಕೆ ಸೂರ್ಯನೂ ಕೈಗೂಡಿಸುವನು.

ಆದರೆ ಈ ಒಲೆಯ ಪಕ್ಕದ ವಾಸಕ್ಕೆ ಬೆಲೆಯುಂಟು. 2016ರ ಮಾರ್ಚಿ ತಿಂಗಳಲ್ಲಿ ಬೆಟ್ಟ ಸಿಡಿದು, ದ್ವೀಪದ ಮೇಲೆ ಬೂದಿ ಸುರಿಯಿತು. ಕಾಲವೂ ಕೆಟ್ಟದಾಗಿದ್ದಿತು. ಬೇಸಗೆಯ ಕೊನೆಗೆ ಪೆಂಗ್ವಿನ್ ಹಳೆಯ ಗರಿಗಳನ್ನೆಲ್ಲ ಉದುರಿಸಿ ಹೊಸವನ್ನು ತಳೆಯುತ್ತದೆ. ನೀರು ನುಗ್ಗದಂತೆ ತಡೆಯುವ ಗರಿಯ ಕವಚವೂ ಅದರೊಳಗೆ ಸಿಕ್ಕ ಗಾಳಿಯ ಪದರವೂ ಇಲ್ಲದಿರುವಾಗ ಕಡಲಿಗಿಳಿದರೆ ಮೈಶಾಖವು ಸೋರಿಹೋಗುವುದು. ಆದುದರಿಂದ ಎರಡು ಮೂರು ವಾರ ಉಪವಾಸವಿದ್ದು ದಡದಲ್ಲೇ ನಿಲ್ಲಬೇಕು. ಮೇಲೆ ಬೂದಿ, ಮುಂದೆ ಹಿಮಶೀತಲ ಕಡಲು. ಹಾರಿಹೋಗೋಣವೆಂದರೆ ಹಾರುವ ರೆಕ್ಕೆಯಿಲ್ಲ.

ಅಲೆಗಳಬ್ಬರದಿಂದ ಈ ದ್ವೀಪದಲ್ಲಿ ಇಳಿಯುವುದೇ ಸಾಹಸ; ಕೃತಕ ಉಪಗ್ರಹಗಳೇ ನಮ್ಮ ಕಣ್ಣು. ಅವು ಹಿಕ್ಕೆಯ ಕಲೆಗಳ ಬಣ್ಣವನ್ನು ಹಿಡಿದು ಪೆಂಗ್ವಿನ್ ನೆಲೆಗಳನ್ನು ಗುರುತಿಸುತ್ತವೆ. ಆದರೆ ಅಲ್ಲಿ ಮೋಡ ಕವಿಯದ ದಿನ ಅಪರೂಪ. ಮೋಡವನ್ನು ತೂರಿಹೋಗುವುದು ರೇಡಾರಿನ ಅಲೆ. 2025ರ ಜುಲೈ 30ರಂದು ಮೇಲೇರಿದ ನಿಸಾರ್ ಉಪಗ್ರಹ ಅಂತಹ ಅಲೆಗಳಿಂದ ನೆಲದ ಸೆಂಟಿಮೀಟರುಗಳಷ್ಟು ಏರಿಳಿತವನ್ನೂ ಅಳೆಯಬಲ್ಲದು. ಜ್ವಾಲಾಮುಖಿಯು ಸಿಡಿಯುವ ಮುನ್ನ ಅದರ ಮೈ ಉಬ್ಬುವುದು ಇಂತಹ ಅಳತೆಗೆ ಸಿಕ್ಕೀತು. ಆ ಉಪಗ್ರಹದ ಭಾಗಗಳನ್ನು ಜೋಡಿಸಿ, ನಿರ್ವಾತದ ಕೋಣೆಯಲ್ಲಿಟ್ಟು ಶೀತೋಷ್ಣಗಳ ಪರೀಕ್ಷೆಗೆ ಗುರಿಪಡಿಸಿದುದು ಇದೇ ದೊಡ್ಡನೆಕ್ಕುಂದಿಯ ಹೊರವರ್ತುಲ ರಸ್ತೆಯ ಬದಿಯಲ್ಲಿರುವ ಇಸ್ರೋ ಆವರಣದಲ್ಲಿ.