ಬೆಂಗ್ರೆಯ ಮರಳೂ ರೇಡಿಯೋ ಅಲೆಯೂ

ಮಂಗಳೂರಿನ ಬೆಂಗ್ರೆಯು ಫಲ್ಗುಣೀ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಚಾಚಿದ ಮರಳ ದಿಣ್ಣೆ. ಕಾಡು, ಉದ್ಯಾನ, ಕಡಲತೀರಗಳಿಗೆ ಯಂತ್ರವನ್ನು ಒಯ್ದು ದೂರದೇಶದವರೊಡನೆ ಸಂಭಾಷಿಸುವ ಹವ್ಯಾಸಿ ರೇಡಿಯೋ ಅಭ್ಯಾಸಿಗಳಿಗೆ, ಅಂದರೆ ಹ್ಯಾಮ್‌ಗಳಿಗೆ, ಇಂತಹ ಬಯಲು ಪ್ರಶಸ್ತವಾದ ಪಾಠಶಾಲೆ. ಸರ್ಕಾರದ ಪರವಾನಗಿ, ಪುಟ್ಟ ಯಂತ್ರ, ಬ್ಯಾಟರಿ ಮತ್ತು ತಂತಿಗಳಿದ್ದರೆ ಸಾಕು. 20 ಮೀಟರಿನ ಅಲೆಗೆ ಅದರ ಕಾಲು ಪಾಲು, ಎಂದರೆ ಸುಮಾರು 5 ಮೀಟರಿನ ತಂತಿಯನ್ನು ನೆಟ್ಟಗೆ ನಿಲ್ಲಿಸುವರು. ಕೆಲವು ತಂತಿಗಳನ್ನು ನೆಲಕ್ಕೆ ಹಾಸುವರು. ಉಪ್ಪುನೀರು ಉತ್ತಮ ವಿದ್ಯುದ್ವಾಹಕವಾದುದರಿಂದ ತೀರದಿಂದ ಹೊರಟ ಅಲೆಯು ದಿಗಂತದತ್ತ ಹೆಚ್ಚು ಕ್ಷಯಿಸದೆ ಸಾಗುತ್ತದೆ.

ಇದು ಬರಿಯ ವಿನೋದವಲ್ಲ. 2004ರ ಡಿಸೆಂಬರಿನಲ್ಲಿ ಹವ್ಯಾಸಕ್ಕೆಂದೇ ಅಂಡಮಾನಿಗೆ ಹೋಗಿದ್ದ ಭಾರತೀಯ ಹ್ಯಾಮ್‌ಗಳು, 26ರಂದು ಸುನಾಮಿ ಅಪ್ಪಳಿಸಿ ದೂರವಾಣಿ ಸಂಪರ್ಕ ಕಡಿದಾಗ, ದ್ವೀಪದವರ ಕ್ಷೇಮಸಮಾಚಾರವನ್ನು ಬಂಧುಗಳಿಗೆ ಮುಟ್ಟಿಸಿದರು. ಕಡಲನ್ನೇ ನಂಬಿ ಬಾಳುವ ಬೆಂಗ್ರೆಯಂತಹ ಊರಿಗೆ ಇದರ ಬೆಲೆ ತಿಳಿಯದಿರದು. ಶಾಂತಕಾಲದಲ್ಲಿ ಅಭ್ಯಸಿಸಿದ ವಿದ್ಯೆಯೇ ಆಪತ್ಕಾಲದಲ್ಲಿ ಒದಗುವುದು.