ಹೊಸ ಕೋಳಿಯನ್ನು ಹಿತ್ತಿಲ ಹಿಂಡಿಗೆ ಸೇರಿಸುವ ಕ್ರಮ



ಮಳೆಯನ್ನೇ ನೆಚ್ಚಿ ರಾಗಿ, ಕಡಲೆಕಾಯಿ ಬಿತ್ತುವ ಐ.ಡಿ.ಹಳ್ಳಿ ಸೀಮೆಯ ಸಂಸಾರಕ್ಕೆ ಹಿತ್ತಿಲ ಹತ್ತು ಕೋಳಿಗಳೇ ಕಷ್ಟಕಾಲದ ಗಂಟು. ಮಳೆ ಕೈಕೊಟ್ಟ ವರ್ಷ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕಕ್ಕೆ ಮೊಟ್ಟೆಯ ಕಾಸು ಒದಗುತ್ತದೆ. ಆದರೆ ಸಂತೆಯಿಂದ ತಂದ ಒಂದೇ ಕೋಳಿಯಿಂದ ಈ ಗಂಟೆಲ್ಲ ಕರಗಿಹೋಗಬಹುದು. ಆದ್ದರಿಂದ ಹೊಸ ಕೋಳಿಯನ್ನು ತಂದ ದಿನವೇ ಗೂಡಿಗೆ ಬಿಡಬಾರದು.

ಇದಕ್ಕೆ ಕಾರಣಗಳು ಎರಡು. ಮೊದಲನೆಯದು ರೋಗ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ, ತಗುಲಿದ ಕೋಳಿ ಮೊದಲ ಕೆಲವು ದಿನ ಚೆನ್ನಾಗಿಯೇ ಕಾಣುತ್ತದೆ. ಇದನ್ನು ಗುಣಪಡಿಸುವ ಔಷಧಿಯಿಲ್ಲ, ಲಸಿಕೆಯೇ ರಕ್ಷೆ. ಎರಡನೆಯದು ಜಗಳ. ಪ್ರತಿ ಹಿಂಡಿನಲ್ಲಿಯೂ ಯಾವುದು ಯಾವುದನ್ನು ಕುಕ್ಕಬೇಕೆಂಬ ಹಿರಿತನದ ಕಟ್ಟು ಇರುತ್ತದೆ. ನಾರ್ವೆ ದೇಶದ ಶೆಲ್ಡೆರಪ್-ಎಬ್ಬೆ ಎಂಬ ವಿಜ್ಞಾನಿ ಇದನ್ನು 1922ರಲ್ಲಿ ವಿವರಿಸಿದರು. ಹೊಸ ಕೋಳಿ ಬಂದೊಡನೆ ಆ ಕಟ್ಟು ಕದಡುತ್ತದೆ.

ಅನುಸರಿಸಬೇಕಾದ ಕ್ರಮ:

1. ಹೊಸ ಕೋಳಿಗಳನ್ನು ಮೂರು ವಾರ ದೂರದಲ್ಲಿ ಬೇರೆಯಾಗಿ ಇಡಿರಿ. ನೀರಿನ ಬೋಗುಣಿಯೂ ಬೇರೆ ಇರಲಿ. ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ, ಬಳಿಕ ಹೊಸವನ್ನು ನೋಡಿರಿ. ಕೈಕಾಲು ತೊಳೆಯದೆ ಹಿಂತಿರುಗಬೇಡಿರಿ.

2. ರೆಕ್ಕೆಯಡಿಯ ಪುಕ್ಕ ಸರಿಸಿ ಹೇನು, ಉಣ್ಣೆ ಇವೆಯೇ ನೋಡಿರಿ. ಹಸಿರು ಭೇದಿ, ಬಾಯಿ ತೆರೆದು ಉಸಿರೆಳೆಯುವುದು, ಕತ್ತು ತಿರುಚುವುದು ಕಂಡರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ.

3. ಎಂಟು ವಾರ ದಾಟಿದ, ಆರೋಗ್ಯವಾಗಿರುವ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿರಿ. ಹಳೆಯ ಕೋಳಿಗಳನ್ನೂ ಬಿಡಬೇಡಿರಿ. ಲಸಿಕೆಯ ಶಕ್ತಿ ಕೂಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಈ ಕೆಲಸ ಮೊದಲ ವಾರದಲ್ಲೇ ಆಗಲಿ.

4. ಮೂರು ವಾರ ಕಳೆದ ಮೇಲೆ ನಡುವೆ ತಡಿಕೆ ಅಥವಾ ಬಲೆ ಕಟ್ಟಿ, ಒಂದು ವಾರ ಪರಸ್ಪರ ಕಾಣುವಂತೆ ಮಾಡಿರಿ.

5. ಅನಂತರ ಕತ್ತಲಾದ ಮೇಲೆ ಹೊಸವನ್ನು ಗೂಡಿಗೆ ಬಿಡಿರಿ. ಒಂಟಿಯಾಗಿ ಬಿಡದೆ ಎರಡು ಮೂರನ್ನು ಜೊತೆಯಾಗಿ ಸೇರಿಸುವುದು ಲೇಸು. ಬೆಳಿಗ್ಗೆ ಕಾಳನ್ನು ಮೂರು ನಾಲ್ಕು ಕಡೆ ಚೆಲ್ಲಿ, ನೀರನ್ನು ಎರಡು ಕಡೆ ಇಡಿರಿ. ಅಡಗಿಕೊಳ್ಳಲು ಸೌದೆಯ ಮರೆ ಇರಲಿ.

ನಾಲ್ಕಾರು ದಿನ ಅಲ್ಪಸ್ವಲ್ಪ ಕುಕ್ಕಾಟ ಸಹಜ. ಆದರೆ ರಕ್ತ ಕಂಡರೆ ಆ ಕೋಳಿಯನ್ನು ತಕ್ಷಣ ಬೇರ್ಪಡಿಸಿರಿ. ಕೆಂಪು ಕಂಡರೆ ಉಳಿದವು ಅಲ್ಲಿಯೇ ಕುಕ್ಕುತ್ತವೆ. ನಾಟಿಯಾಗಲಿ, ಹೆಬ್ಬಾಳದ ಗಿರಿರಾಜವಾಗಲಿ, ಪಿಳ್ಳೆಗಳನ್ನು ದೊಡ್ಡ ಕೋಳಿಗಳಿಗೆ ಸರಿಸಮ ಬೆಳೆಯುವವರೆಗೆ ಬೆರೆಸಕೂಡದು.

ರೋಗದಿಂದ ಸತ್ತ ಕೋಳಿಯನ್ನು ತಿಪ್ಪೆಗೂ ಕೆರೆಗೂ ಎಸೆಯದೆ, ಆಳವಾಗಿ ಹೂಳಿ ಸುಣ್ಣ ಹಾಕಿರಿ. ಕಾಯಿಲೆಯ ಕೋಳಿಯನ್ನು ಸಂತೆಗೆ ಒಯ್ಯುವುದೆಂದರೆ ಮತ್ತೊಂದು ಊರಿಗೆ ರೋಗವನ್ನು ಮಾರಿದಂತೆ. ನಿಮ್ಮ ಕೋಳಿ ನೆರೆಯವರ ತಿಪ್ಪೆ ಕೆದಕುತ್ತದೆ, ಅವರದು ನಿಮ್ಮದನ್ನು. ಆದ್ದರಿಂದ ಕೇರಿಯವರೆಲ್ಲ ಮಾತಾಡಿಕೊಂಡು ಒಂದೇ ದಿನ ಲಸಿಕೆ ಹಾಕಿಸಿರಿ. ಒಂದು ತಿಂಗಳ ತಾಳ್ಮೆ ಇಡೀ ಹಿಂಡನ್ನು ಉಳಿಸುತ್ತದೆ.